‘ನಾಳಿ ಹುಡುಗ ಬರ್ತಾನ್ರಿ’

ಕಳೆದ ಮಳೆಗಾಲದಲ್ಲಿ ಬನಹಟ್ಟಿಯ ನಮ್ಮ ಓಣಿಗೆ ನೀರಿನ ಪೈಪು ಹಾಕಲು ಜೆಸಿಬಿ ಬಂತು. ಮುಂಜಾನೆ ಹತ್ತಕ್ಕೆ ಅಗೆಯಲು ಶುರು ಮಾಡಿತು. ಹತ್ತೂವರೆಗೆ ನಮ್ಮ ಮನೆಯ ನೆಟ್ ಹೋಯಿತು. ಗೋಡೆಯ ಮೇಲಿನ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಓಣಿಯ ಕೇಬಲ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. ‘ಸರ, ಕೇಬಲ್ ಕಟ್ ಆಗೇತ್ರಿ. ನಾಳಿ ಹುಡುಗ ಬರ್ತಾನ್ರಿ’ ಅಂದರು.

ಆ ನಾಳೆ ಬಂದದ್ದು ಹನ್ನೊಂದು ದಿನಗಳ ಮೇಲೆ.

ಈ ನಡುವೆ ಕಂಪನಿಯ ಕಡೆಯಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. ಮೊದಲ ದಿನ ದೂರಿನ ನಂಬರು ಬಂತು. ಮೂರನೆಯ ದಿನ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ’ ಎಂಬ ಸಂದೇಶ ಬಂತು. ಡಬ್ಬಿಯಲ್ಲಿ ಕೆಂಪು ದೀಪ ಹಾಗೇ ಇತ್ತು. ಮತ್ತೆ ದೂರು, ಮತ್ತೆ ನಂಬರು. ಒಂಬತ್ತನೆಯ ದಿನ ಮುಂದಿನ ತಿಂಗಳ ಬಿಲ್ಲು ಬಂತು. ಅದೊಂದು ಮಾತ್ರ ಒಂದು ದಿನವೂ ತಡವಾಗಲಿಲ್ಲ.

ನನ್ನ ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳ ತಾಯಿಯ ಮೊಣಕಾಲಿನ ಆಪರೇಷನ್ ಆದಮೇಲೆ, ಮೂರು ತಿಂಗಳು ಊರಿನಿಂದಲೇ ಕೆಲಸ ಮಾಡುತ್ತೇನೆಂದು ಮೇಲಿನವರನ್ನು ಒಪ್ಪಿಸಿ ಬಂದಿದ್ದಳು. ನೆಟ್ ಹೋದಮೇಲೆ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಮಾಳಿಗೆಯ ಮೇಲೆ ಕೂತಳು. ದಿನದ ಎರಡು ಜಿಬಿ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯುತ್ತಿತ್ತು. ಆರನೆಯ ದಿನ ರಾತ್ರಿ ಬ್ಯಾಗು ತುಂಬಿಕೊಂಡು ಬಸ್ ಹತ್ತಿದಳು. ಅವಳ ತಾಯಿ ಏನೂ ಅನ್ನಲಿಲ್ಲ. ಮರುದಿನ ವಾಕರ್ ಹಿಡಿದು ತಾನೇ ಅಡುಗೆಮನೆಗೆ ಹೋದಳು.

ಇದನ್ನು ಯಾರಿಗಾದರೂ ಹೇಳಿದರೆ ಸಿಗುವ ಉತ್ತರ ಒಂದೇ: ‘ಜಗತ್ತಿನಾಗ ಇಷ್ಟು ಅಗ್ಗದ ನೆಟ್ ಎಲ್ಲಿ ಐತಿ ಹೇಳ್ರಿ ನೋಡೋಣು?’ ಮಂತ್ರಿಗಳು ಇದನ್ನು ಭಾಷಣದಲ್ಲಿ ಹೇಳುತ್ತಾರೆ, ಗೆಳೆಯರು ಚಹಾದಂಗಡಿಯಲ್ಲಿ ಹೇಳುತ್ತಾರೆ. ಈ ಅಗ್ಗದ ಮಾತೇ ನಮ್ಮ ಬಾಯಿ ಮುಚ್ಚಿಸುವ ಬಟ್ಟೆಯಾಗಿದೆ ಎಂಬುದು ನನ್ನ ತಕರಾರು.

ಮೊದಲು ಆ ಅಗ್ಗದ ಲೆಕ್ಕವನ್ನೇ ನೋಡೋಣ. ನನ್ನದು 30 ಎಂಬಿಪಿಎಸ್‌ನ, ತಿಂಗಳಿಗೆ 399 ರೂಪಾಯಿಯ ಯೋಜನೆ. ಶೇಕಡಾ 18ರ ಜಿಎಸ್‌ಟಿ ಸೇರಿದರೆ 471 ರೂಪಾಯಿ. ನನ್ನ ತಂಗಿಯ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಅವನು ಸುಮಾರು 30 ಪೌಂಡು ಕೊಟ್ಟು ನೂರಕ್ಕೂ ಹೆಚ್ಚು ಎಂಬಿಪಿಎಸ್ ಪಡೆಯುತ್ತಾನೆ. ಪೌಂಡನ್ನು ರೂಪಾಯಿಗೆ ತಿರುಗಿಸಿದರೆ ಮೂರು ಸಾವಿರ ದಾಟುತ್ತದೆ. ನೋಡಿ, ನಾವೆಷ್ಟು ಪುಣ್ಯವಂತರು!

ಆದರೆ ದುಡ್ಡನ್ನು ದುಡಿಮೆಯಲ್ಲಿ ಅಳೆದು ನೋಡಿ. 2025–26ರಲ್ಲಿ ಇಂಗ್ಲೆಂಡಿನಲ್ಲಿ ವಯಸ್ಕರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು ಇತ್ತು. ಅಂಗಡಿಯಲ್ಲಿ ಕಸ ಗುಡಿಸುವವರೂ ಎರಡೂವರೆ ಗಂಟೆ ದುಡಿದರೆ ತಿಂಗಳ ನೆಟ್ ಬಿಲ್ಲು ತೀರುತ್ತದೆ. ಅದೇ 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಬೀಳಗಿ ಸೀಮೆಯಲ್ಲಿ ಬದು ಹಾಕುವ ಹೆಣ್ಣುಮಗಳು ಇಡೀ ಒಂದು ದಿನ ದುಡಿದು, ಮರುದಿನವೂ ಎರಡು ಗಂಟೆ ಮಣ್ಣು ಹೊತ್ತರೆ ನನ್ನ 471 ಹುಟ್ಟುತ್ತದೆ. ಅಂದರೆ ಅಲ್ಲಿನವರಿಗಿಂತ ನಾಲ್ಕು ಪಟ್ಟು ಹೆಚ್ಚು ದುಡಿಮೆ, ಮೂರನೆಯ ಒಂದು ಪಾಲಿಗಿಂತ ಕಡಿಮೆ ವೇಗ. ಇದು ಯಾವ ಲೆಕ್ಕದಲ್ಲಿ ಅಗ್ಗ? ನನ್ನಂಥ ಪಿಂಚಣಿದಾರನಿಗೆ ಅಗ್ಗ ಇರಬಹುದು. ಪಕ್ಕದ ಮನೆಯ ನೇಕಾರನಿಗೆ ಅಲ್ಲ.

ಹಾಗೆಂದು ಹೊರದೇಶವೆಲ್ಲ ಸ್ವರ್ಗವಲ್ಲ. ಅಮೆರಿಕದ ಎಷ್ಟೋ ಹಳ್ಳಿಗಳಲ್ಲಿ ಒಂದೇ ಕಂಪನಿ ಇದ್ದು, ಅದು ಹೇಳಿದ್ದೇ ದರ. ಜರ್ಮನಿಯವರು ಹಳೆಯ ತಾಮ್ರದ ತಂತಿಯನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ನಗೆಪಾಟಲಾದರು. ವೇಗದ ಪಟ್ಟಿ, ದರದ ಪಟ್ಟಿ ಹಿಡಿದು ಯಾರು ಮೇಲೆ ಯಾರು ಕೆಳಗೆ ಎಂದು ಜಗಳವಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ನಾನು ಕೇಳುವುದು ಆ ಪಟ್ಟಿಗಳಲ್ಲಿ ಇರದ ಒಂದು ಕಾಲಮ್ಮಿನ ಬಗ್ಗೆ: ತಂತಿ ಕಡಿದರೆ ಎಷ್ಟು ದಿನಕ್ಕೆ ಕೂಡುತ್ತದೆ? ಕೂಡದಿದ್ದರೆ ಆ ದಿನಗಳ ನಷ್ಟ ಯಾರದು?

ಲೀಡ್ಸ್‌ನ ಹುಡುಗನಿಗೂ ಒಮ್ಮೆ ಐದು ದಿನ ನೆಟ್ ಇರಲಿಲ್ಲ. ನನ್ನ ಕಥೆ ಕೇಳಿ ಅವನು ಅಂದ: ‘ಮಾಮಾ, ನಾ ಏನೂ ಕೇಳೇ ಇಲ್ಲ. ಮುಂದಿನ ಬಿಲ್ಲಿನಾಗ ರೊಕ್ಕ ತಾನಾಗೇ ಜಮಾ ಆಗಿತ್ತು.’ ನಾನು ನಂಬಲಿಲ್ಲ, ಹುಡುಕಿ ಓದಿದೆ. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2019ರ ಏಪ್ರಿಲ್ 1ರಿಂದ ಒಂದು ವ್ಯವಸ್ಥೆ ತಂದಿದೆ. ದೂರು ಕೊಟ್ಟು ಎರಡು ಪೂರ್ತಿ ಕೆಲಸದ ದಿನ ಕಳೆದರೂ ಸಂಪರ್ಕ ಸರಿಯಾಗದಿದ್ದರೆ ದಿನಕ್ಕೆ 8 ಪೌಂಡು. ಬರುತ್ತೇನೆಂದ ರಿಪೇರಿಯವನು ಬರದಿದ್ದರೆ 25 ಪೌಂಡು. ಇವು ಶುರುವಿನ ದರಗಳು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಏರಿವೆ. ಕಂಪನಿಗಳು ಒಪ್ಪಿ ಸೇರುವ ವ್ಯವಸ್ಥೆ ಇದು. ದೊಡ್ಡ ಕಂಪನಿಗಳೆಲ್ಲ ಸೇರಿವೆ. ಗ್ರಾಹಕ ಅರ್ಜಿ ಹಾಕಬೇಕಿಲ್ಲ. ಜರ್ಮನಿಯಲ್ಲಿ 2021ರ ಡಿಸೆಂಬರ್‌ನಿಂದ ಇದು ಕಾನೂನೇ ಆಗಿದೆ: ದೂರಿನ ಮೂರನೆಯ ದಿನದಿಂದ ದಿನಕ್ಕೆ 5 ಯೂರೊ ಇಲ್ಲವೇ ತಿಂಗಳ ಬಾಡಿಗೆಯ ಹತ್ತನೆಯ ಒಂದು ಪಾಲು, ಯಾವುದು ಹೆಚ್ಚೋ ಅದು, ಐದನೆಯ ದಿನದಿಂದ ಅದರ ಎರಡು ಪಟ್ಟು.

ನನ್ನ ಹನ್ನೊಂದು ದಿನಗಳನ್ನು ಲೀಡ್ಸ್‌ಗೆ ಒಯ್ದಿದ್ದರೆ, ಮೊದಲೆರಡು ದಿನ ಬಿಟ್ಟು ಒಂಬತ್ತು ದಿನಕ್ಕೆ 2019ರ ದರದಲ್ಲೇ 72 ಪೌಂಡು. ಅಂದರೆ ಎರಡು ತಿಂಗಳ ಬಿಲ್ಲಿಗಿಂತ ಹೆಚ್ಚು. ಕಂಪನಿಗೆ ನೋವಾಗುತ್ತದೆ, ಅದಕ್ಕೇ ಹುಡುಗ ಎರಡನೆಯ ದಿನವೇ ಬರುತ್ತಾನೆ.

ನಮ್ಮಲ್ಲಿ ಕಾನೂನೇ ಇಲ್ಲವೇ? ಇದೆ. ಟ್ರಾಯ್ 2006ರಲ್ಲೇ ಬ್ರಾಡ್‌ಬ್ಯಾಂಡ್ ಸೇವೆಗೆ ಗುಣಮಟ್ಟದ ನಿಯಮ ಮಾಡಿತು. ಮೂರು ದಿನ ಮೀರಿದ ದೋಷಕ್ಕೆ ಬಾಡಿಗೆ ಕಡಿತ ಅದರಲ್ಲಿತ್ತು. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಹೊಸ ನಿಯಮದಲ್ಲೂ ಮೂರು ದಿನ ಮೀರಿದರೆ ಪರಿಹಾರ ಕೊಡಬೇಕು ಎಂದಿದೆ. ಇಪ್ಪತ್ತು ವರ್ಷದಿಂದ ಕಾಗದದ ಮೇಲಿರುವ ಈ ಹಕ್ಕನ್ನು ಪಡೆದವರು ಯಾರಾದರೂ ಇದ್ದಾರೆಯೇ ಎಂದು ನಾನು ಜಮಖಂಡಿಯಲ್ಲಿ, ಮುಧೋಳದಲ್ಲಿ ಪರಿಚಯದವರನ್ನೆಲ್ಲ ಕೇಳಿದೆ. ಪಡೆದವರು ಒತ್ತಟ್ಟಿಗಿರಲಿ, ಇಂಥದೊಂದು ಇದೆ ಎಂದು ಕೇಳಿದವರೂ ಸಿಗಲಿಲ್ಲ. ನನ್ನ ಕಂಪನಿಗೆ ಫೋನ್ ಮಾಡಿ ಕೇಳಿದಾಗ ಆ ಕಡೆಯ ಹುಡುಗಿ ಹಿಂದಿಯಲ್ಲಿ, ‘ಅಂಥ ಆಫರ್ ಸದ್ಯಕ್ಕಿಲ್ಲ ಸರ್’ ಅಂದಳು. ಹಕ್ಕು ಅವಳ ಕಿವಿಗೆ ಆಫರ್ ಆಗಿ ಕೇಳಿಸಿತ್ತು. ಅವಳ ತಪ್ಪಲ್ಲ, ಅವಳಿಗೆ ಕಲಿಸಿದ್ದೇ ಅಷ್ಟು.

ಒಂದು ವೇಳೆ ಕೊಟ್ಟರು ಅನ್ನಿ. ಹನ್ನೊಂದು ದಿನದ ಬಾಡಿಗೆ ಎಷ್ಟು? 173 ರೂಪಾಯಿ. ಕೊಡದ ಸೇವೆಯ ದುಡ್ಡನ್ನು ವಾಪಸು ಕೊಡುವುದು ಪರಿಹಾರವಲ್ಲ, ಅದು ಬರೀ ಚಿಲ್ಲರೆ. ಅದಕ್ಕಾಗಿ ಹೋರಾಡುವುದಾದರೆ ಎಲ್ಲಿ? ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರು ವಿಚಾರಿಸುವುದಿಲ್ಲ. ಮೇಲ್ಮನವಿಯನ್ನೂ ಅದೇ ಕಂಪನಿಯೊಳಗಿನ ಅಧಿಕಾರಿಗೇ ಸಲ್ಲಿಸಬೇಕು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಟೆಲಿಕಾಂ ಕಂಪನಿಗಳ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದು ಹೇಳಿದೆ, ಸಂತೋಷ. ಆದರೆ ಬನಹಟ್ಟಿಯ ನೇಕಾರ 173 ರೂಪಾಯಿಗಾಗಿ ಮಗ್ಗ ನಿಲ್ಲಿಸಿ ಬಾಗಲಕೋಟೆಗೆ ಹೋಗಿಬರುತ್ತಾನೆಯೇ? ಎರಡು ಸಲ ತಾರೀಖು ಮುಂದೆ ಹೋದರೆ ಬಸ್ಸಿನ ಖರ್ಚೇ ಪರಿಹಾರವನ್ನು ನುಂಗುತ್ತದೆ. ಕಂಪನಿಗೂ ಈ ಲೆಕ್ಕ ಗೊತ್ತು. ನಾವು ಬರುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಅದು ನಿಂತಿದೆ.

ಹನ್ನೊಂದನೆಯ ದಿನ ಬಂದ ಹುಡುಗನ ಬಗ್ಗೆಯೂ ಹೇಳಬೇಕು. ಬೆವರು ಒರೆಸಿಕೊಳ್ಳುತ್ತ, ತಂತಿ ಕೂಡಿಸುವ ಮಷಿನ್ನಿನ ಪೆಟ್ಟಿಗೆಯನ್ನು ಬೈಕಿನಿಂದ ಇಳಿಸಿದ. ಚಹಾ ಕೊಟ್ಟು ಕೇಳಿದೆ, ‘ಯಾಕೋ ತಮ್ಮಾ ಇಷ್ಟು ತಡ?’ ಅಂದ: ‘ಕಾಕಾ, ಜಮಖಂಡಿ, ಮುಧೋಳ, ಬೀಳಗಿ, ಇಲ್ಲಿ, ನಾಲ್ಕೂ ಕಡೆ ಕೂಡಿ ಮಷಿನ್ ಒಂದ ಐತ್ರಿ. ನಾವ್ ಇಬ್ಬರ ಅದೀವ್ರಿ. ಮುಧೋಳದಾಗ ಮುಗಿಸೂದ್ರಾಗ ಬೀಳಗ್ಯಾಗ ಕಟ್ ಆಗಿರ್ತೈತ್ರಿ.’ ಪೆಟ್ರೋಲಿನ ದುಡ್ಡು ಅವನ ಕೈಯಿಂದಲೇ ಹೋಗುತ್ತದಂತೆ. ಕಂಪನಿಯ ಬೋರ್ಡು ಅವನ ಅಂಗಿಯ ಮೇಲಿದೆ, ಅವನು ಕಂಪನಿಯ ನೌಕರನಲ್ಲ. ಗುತ್ತಿಗೆದಾರನ ಕೈಕೆಳಗಿನ ಗುತ್ತಿಗೆದಾರನ ಹುಡುಗ. ಅಗ್ಗದ ದರದ ಗುಟ್ಟು ಇಲ್ಲಿದೆ. ದರ ಇಳಿಸಿದ್ದು ಯಾವ ಜಾದೂವೂ ಅಲ್ಲ. ಎರಡನೆಯ ಮಷಿನ್ನು ಕೊಳ್ಳದೆ, ಮೂರನೆಯ ಹುಡುಗನನ್ನು ಇಟ್ಟುಕೊಳ್ಳದೆ ಉಳಿಸಿದ ದುಡ್ಡು ಅದು. ಉಳಿದ ಖರ್ಚನ್ನು ನನ್ನ ಮಗಳು ಬಸ್ ಚಾರ್ಜಾಗಿ ಕೊಟ್ಟಳು.

ಇನ್ನು ಸರ್ಕಾರ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ, ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ಗಡುವುಗಳು ಒಂದರ ಹಿಂದೊಂದು ದಾಟಿದವು. 2023ರ ಆಗಸ್ಟ್‌ನಲ್ಲಿ ಮತ್ತೆ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆ ಬಂತು. ಅದೇ ವರ್ಷ ಮಾರ್ಚ್‌ನಲ್ಲಿ, ನೆಲ ಅಗೆಯುವ ಮೊದಲು ಕೇಬಲ್ ಇರುವವರಿಗೆ ತಿಳಿಸಲು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು ಪ್ರಧಾನಿಯವರೇ ಬಿಡುಗಡೆ ಮಾಡಿದರು. ನಮ್ಮ ಓಣಿಯ ಜೆಸಿಬಿ ಚಾಲಕನಿಗೆ ಅದರ ಹೆಸರು ಹೇಳಿದೆ. ಯಾವುದೋ ಸಿನಿಮಾ ಇರಬೇಕೆಂದು ನಕ್ಕ.

ಬ್ರಾಡ್‌ಬ್ಯಾಂಡ್ ಎಂಬ ಮಾತಿನ ಅರ್ಥವನ್ನೂ ನಾವು ಅಗ್ಗ ಮಾಡಿಕೊಂಡಿದ್ದೇವೆ. 2023ರ ಜನವರಿಯವರೆಗೆ ಇಲ್ಲಿ 512 ಕೆಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡ್. ಈಗ 2 ಎಂಬಿಪಿಎಸ್. ಅಮೆರಿಕ 2015ರಲ್ಲಿ 25ಕ್ಕೆ, 2024ರಲ್ಲಿ 100ಕ್ಕೆ ಏರಿಸಿತು. 2024ರ ಕೊನೆಗೆ ಭಾರತದ ಸುಮಾರು 94 ಕೋಟಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ತಂತಿಯ ಮೂಲಕ ಮನೆ-ಕಚೇರಿ ಮುಟ್ಟಿದವು 4 ಕೋಟಿಯಷ್ಟು. ಉಳಿದದ್ದೆಲ್ಲ ಬಹುತೇಕ ಮೊಬೈಲು. ಮೊಬೈಲಿನಲ್ಲಿ ರೀಲು ನೋಡಬಹುದು. ಅದನ್ನೇ ನೆಚ್ಚಿ ದಿನಕ್ಕೆ ಎಂಟು ತಾಸು ನೌಕರಿ ಮಾಡಲಾಗದು, ಇದು ನನ್ನ ಮಗಳು ಮಾಳಿಗೆಯ ಮೇಲೆ ಕಲಿತ ಪಾಠ.

ಹಾಗಾದರೆ ಏನು ಮಾಡೋಣ? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಒಂದು ಹಳೆಯ ಉತ್ತರ ಇದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಬ್ಯಾರೇಜು ಬೇಕೆಂದು ರೈತರು ಕೇಳಿ ಕೇಳಿ ಬೇಸತ್ತಿದ್ದರು. ಕಡೆಗೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು, 1989ರಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಎರಡು ವರ್ಷದ ನಂತರ ಅದೇ ನ್ಯಾಮಗೌಡರು ಬಾಗಲಕೋಟೆ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು.

ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹಳ್ಳಿಗಳಲ್ಲಿ 2011ರಲ್ಲಿ ಇಂಥದೇ ಇನ್ನೊಂದು ನಡೆಯಿತು. ದೊಡ್ಡ ಕಂಪನಿಗಳು ಬೇಗ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಅಲ್ಲಿನ ರೈತರು, ಊರವರು ‘ಬಾರ್ನ್’ ಎಂಬ ಸಂಘ ಕಟ್ಟಿದರು. ಷೇರು ಹಾಕಿದರು, ತಮ್ಮ ತಮ್ಮ ಹೊಲದಲ್ಲಿ ತಾವೇ ಕಾಲುವೆ ತೋಡಿ ಫೈಬರ್ ಹೂತರು. ತಿಂಗಳಿಗೆ 30 ಪೌಂಡಿಗೆ ಸಾವಿರ ಎಂಬಿಪಿಎಸ್ ಕೊಟ್ಟರು. ತಂತಿ ತಮ್ಮದು, ತೋಡಿದ ನೆಲ ತಮ್ಮದು. ಕಡಿದರೆ ಕೂಡಿಸುವ ಅವಸರವೂ ತಮ್ಮದೇ.

ಇದನ್ನು ಓದಿದಾಗ ನನಗೆ ಆಶ್ಚರ್ಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಈ ಪಾಠ ಅವರಿಗಿಂತ ಇಪ್ಪತ್ತೆರಡು ವರ್ಷ ಮೊದಲು ನಮ್ಮ ನದಿಯಲ್ಲಿ ಬರೆದಾಗಿತ್ತು. ನೇಕಾರರ ಸಹಕಾರಿ ಸಂಘ, ಸಹಕಾರಿ ಬ್ಯಾಂಕು, ಸಕ್ಕರೆ ಕಾರ್ಖಾನೆಯ ಷೇರು, ಇವೆಲ್ಲ ನಮ್ಮ ನಾಲ್ಕು ಊರಿನವರಿಗೆ ಹೊಸವಲ್ಲ. ಎರಡು ಮಷಿನ್ನು, ಆರು ಹುಡುಗರು, ಒಂದು ಆಫೀಸು ನಡೆಸಲು ನಮ್ಮಿಂದ ಆಗದೆ?

ಆದರೆ ಸಹಕಾರದ ಮಾತು ಆಡಿದ ಕೂಡಲೇ ಕಂಪನಿ, ಸರ್ಕಾರ ಎರಡೂ ಕೈತೊಳೆದುಕೊಳ್ಳಬಾರದು. ನಾವು ತೆರಿಗೆ ಕೊಟ್ಟಿದ್ದೇವೆ, ಬಿಲ್ಲು ಕೊಟ್ಟಿದ್ದೇವೆ. ನಮ್ಮ ಬೇಡಿಕೆ ಮೂರೇ. ಸಂಪರ್ಕ ಎರಡು ದಿನ ಮೀರಿ ನಿಂತರೆ ಪರಿಹಾರ ಕೇಳದೆಯೇ ಜಮಾ ಆಗಬೇಕು, ಮತ್ತು ಅದು ಬಾಡಿಗೆಯ ಹಲವು ಪಟ್ಟು ಇರಬೇಕು. ಪ್ರತಿ ಕಂಪನಿ ತಾಲೂಕುವಾರು, ರಿಪೇರಿಗೆ ಎಷ್ಟು ದಿನ ಹಿಡಿಯಿತೆಂದು ತಿಂಗಳು ತಿಂಗಳು ಪ್ರಕಟಿಸಬೇಕು. ಇಡೀ ರಾಜ್ಯದ ಸರಾಸರಿಯಲ್ಲಿ ಬೆಂಗಳೂರಿನ ಬೆನ್ನಹಿಂದೆ ಬೀಳಗಿಯನ್ನು ಅಡಗಿಸಬಾರದು. ನಗರಸಭೆ ರಸ್ತೆ ಅಗೆದಾಗಲೆಲ್ಲ ಒಂದು ಖಾಲಿ ಕೊಳವೆ ಹೂತು, ಕೇಳಿದ ಯಾರಿಗಾದರೂ, ನಾಳೆ ಹುಟ್ಟಬಹುದಾದ ನಮ್ಮ ಸಂಘಕ್ಕೂ, ಒಂದೇ ಬಾಡಿಗೆಗೆ ಕೊಡಬೇಕು.

ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟು ಎದ್ದುಬಂದ ಬೀಳಗಿಯ ಊರುಗಳಿಗೆ ಪುನರ್ವಸತಿಯ ಹೆಸರಿನಲ್ಲಿ ರಸ್ತೆ, ನೀರು, ಕರೆಂಟು ಕೊಡುತ್ತೇವೆ ಎಂದಿದ್ದರು. ಇವತ್ತು ಆ ಪಟ್ಟಿ ಬರೆಯುವುದಾದರೆ ನಾಲ್ಕನೆಯದು ನೆಟ್. ಮಕ್ಕಳು ಊರಲ್ಲಿ ಉಳಿಯುತ್ತಾರೋ ಇಲ್ಲವೋ ಎಂಬುದನ್ನು ಈಗ ಆ ತಂತಿ ತೀರ್ಮಾನಿಸುತ್ತಿದೆ.

ಹುಡುಗ ತಂತಿ ಕೂಡಿಸಿ ಹೋದಮೇಲೆ ಡಬ್ಬಿಯಲ್ಲಿ ಹಸಿರು ದೀಪ ಬಂತು. ಮಗಳಿಗೆ ಫೋನ್ ಮಾಡಿ, ‘ನೆಟ್ ಬಂತವ್ವಾ’ ಅಂದೆ. ‘ಚಲೋ ಆತಪ್ಪಾ’ ಅಂದಳು. ಬರುತ್ತೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಒಂದು ತಾಸು ಬಿಟ್ಟು ಮೊಬೈಲಿಗೆ ಸಂದೇಶ ಬಂತು: ಬಿಲ್ಲಿನ ಕೊನೆಯ ದಿನ ದಾಟಿದೆ, ಕೂಡಲೇ ತುಂಬದಿದ್ದರೆ ಸಂಪರ್ಕ ಕಡಿಯಲಾಗುವುದು.