ಹಳೆ ಕಾರಿನ ಹೋಸು, ಘಾಟಿಯ ಏರು

ಬೆಂಗಳೂರಿನಿಂದ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟ ಹಳೆಯ ಕಾರು ಹೋಗುವಾಗ ಕೈಕೊಡುವುದು ಕಡಿಮೆ. ಶಿರಾಡಿ ಘಾಟಿಯಲ್ಲಿ ಆಗ ಇಳಿಜಾರು, ಎಂಜಿನ್‌ಗೆ ಹೆಚ್ಚು ಕೆಲಸವಿಲ್ಲ. ಪರೀಕ್ಷೆ ಇರುವುದು ವಾಪಸು ಬರುವಾಗ. ಗುಂಡ್ಯ ದಾಟಿದ ಮೇಲೆ ಸಕಲೇಶಪುರದ ಕಡೆಗೆ ಏರೋ ಏರು. ಕಾರಿನ ತುಂಬ ಜನ, ಡಿಕ್ಕಿಯಲ್ಲಿ ಸಾಮಾನು, ಮುಂದೆ ತೆವಳುವ ಟ್ಯಾಂಕರ್, ಸೆಕೆಂಡ್ ಗೇರು. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ರೇಡಿಯೇಟರ್‌ಗೆ ಬೀಸುವ ಗಾಳಿ ಮಾತ್ರ ಸಾಲದು. ಬಾನೆಟ್ ಸಂದಿಯಿಂದ ಬಿಳಿ ಹಬೆ ಏಳುವುದು ಇಂಥ ಹೊತ್ತಿನಲ್ಲೇ.

ಎಂಜಿನ್ ಹಳತಾಯಿತು ಎಂದು ಆಗ ಎಲ್ಲರೂ ಹೇಳುತ್ತಾರೆ. ಎಷ್ಟೋ ಸಲ ನಿಜವಾಗಿ ಹಳತಾಗಿರುವುದು ಎಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ನೀರು ಒಯ್ಯುವ, ಮೊಳದುದ್ದವೂ ಇಲ್ಲದ ರಬ್ಬರ್ ಹೋಸ್.

ಮಾರುತಿ 800 ಕಾರನ್ನೇ ನೋಡಿ. ಕೊನೆಯದು ಕಾರ್ಖಾನೆ ಬಿಟ್ಟದ್ದು 2014ರ ಜನವರಿಯಲ್ಲಿ. ಅಂದರೆ ರಸ್ತೆಯಲ್ಲಿರುವ ಅತಿ ಕಿರಿಯ 800ಕ್ಕೂ ಹತ್ತು ವರ್ಷ ದಾಟಿದೆ. ಮನೆಯವರು ಅಕ್ಕರೆಯಿಂದ ಉಳಿಸಿಕೊಂಡಿರುವ ಇಂಥ ಕಾರುಗಳು ಪೇಟೆಗೆ, ಮದುವೆಗೆ, ಜಾತ್ರೆಗೆ ಅಂತ ಅಷ್ಟಿಷ್ಟು ಓಡುತ್ತವೆ. ‘ಓಡಿದ್ದೇ ಕಡಿಮೆ, ಹೋಸ್ ಯಾಕೆ ಬದಲಿಸಬೇಕು’ ಎಂಬ ಮಾತು ಹುಟ್ಟುವುದು ಅಲ್ಲಿಂದ. ಆದರೆ ಕಾರು ನಿಂತಲ್ಲೇ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಕಂಪನಿಯಿಂದ ಬಂದ ಹೋಸ್ ಇನ್ನೂ ಇದ್ದರೆ, ಅದು ಸೋರದಿದ್ದರೂ ತೆಗೆಯಲೇಬೇಕು.

ಆ ಹೋಸ್ ಹೊರುವ ಹೊರೆ ಸಣ್ಣದಲ್ಲ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಎಂದು ಬರೆದಿದ್ದರೆ, ಒಳಗಿನ ಒತ್ತಡ ಟಯರಿನ ಗಾಳಿಯ ಒತ್ತಡದ ಸುಮಾರು ಅರ್ಧದವರೆಗೆ ಏರಬಹುದು ಎಂದರ್ಥ. ಈ ಒತ್ತಡ ಇರುವುದರಿಂದಲೇ 100 ಡಿಗ್ರಿಗೆ ಕುದಿಯಬೇಕಾದ ನೀರು 120ರ ಆಸುಪಾಸಿನವರೆಗೂ ಕುದಿಯದೆ ತಡೆದುಕೊಳ್ಳುತ್ತದೆ. ಹೋಸ್ ಬಿರಿದರೆ ಒತ್ತಡ ಒಮ್ಮೆಲೇ ಇಳಿದು, ಅಷ್ಟು ಬಿಸಿಯಾದ ನೀರು ಹಬೆಯೊಂದಿಗೆ ಚಿಮ್ಮುತ್ತದೆ. ಬಿಸಿ ಎಂಜಿನ್‌ನ ಮುಚ್ಚಳ ತಿರುಗಿಸಿ ಮುಖ, ಕೈ ಸುಟ್ಟುಕೊಳ್ಳುವುದಕ್ಕೂ ಇದೇ ಕಾರಣ.

ಹೊರಗಿನಿಂದ ನೋಡಿ ‘ಚೆನ್ನಾಗಿದೆ’ ಎನ್ನುವ ಹಾಗಿಲ್ಲ. ಬಿಚ್ಚಿದ ಹಳೆಯ ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಅಗಲಿಸಿದರೆ ನಿಜ ತಿಳಿಯುತ್ತದೆ. ಹೊರಮೈ ಕಪ್ಪಗೆ, ನಯವಾಗಿಯೇ ಇರುತ್ತದೆ. ಒಳಗೆ ಮಾತ್ರ, ಕ್ಲಿಪ್ ಹಾಕುವ ತುದಿಯಿಂದ ಒಂದೆರಡು ಅಂಗುಲದೊಳಗೆ, ಕೂದಲೆಳೆಯಂಥ ಗೀರುಗಳು ಸಾಲುಗಟ್ಟಿರುತ್ತವೆ. ಹೋಸ್ ಕೂರುವ ಲೋಹದ ಕತ್ತು, ರಬ್ಬರಿನಲ್ಲಿರುವ ಇಂಗಾಲ, ನಡುವೆ ಹರಿಯುವ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೇರಿ ಒಂದು ಪುಟಾಣಿ ಬ್ಯಾಟರಿಯಂತೆ ಕೆಲಸ ಮಾಡಿ ರಬ್ಬರನ್ನು ಒಳಗಿನಿಂದ ಕೊರೆಯುತ್ತವೆ. ಹೀಗಾಗಿ ನೋಡುವುದಕ್ಕಿಂತ ಹಿಸುಕುವುದು ಒಳ್ಳೆಯ ಪರೀಕ್ಷೆ. ಮಧ್ಯಭಾಗ ಗಟ್ಟಿಯಾಗಿದ್ದು ತುದಿ ಮೆತ್ತಗಾಗಿದ್ದರೆ, ಒತ್ತಿದಾಗ ಒಳಗೆ ಕರಕರ ಅಂದರೆ, ಎಣ್ಣೆ ತಾಗಿ ಉಬ್ಬಿದ್ದರೆ ಆ ಹೋಸ್ ಮುಗಿದಂತೆ.

ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದ ಕೆಲವು ಅಭ್ಯಾಸಗಳು ಬದಲಾಗಬೇಕು. ಒಂದು ಹೋಸ್ ಒಡೆದರೆ ಅದೊಂದನ್ನೇ ಬದಲಿಸಿ, ಅಷ್ಟೇ ವಯಸ್ಸಿನ ಉಳಿದವನ್ನು ಹಾಗೇ ಬಿಡುತ್ತಾರೆ. ಹೀಟರ್‌ಗೆ ಹೋಗುವ ಸಣ್ಣ ಹೋಸ್‌ಗಳಂತೂ ಯಾರಿಗೂ ನೆನಪಿಲ್ಲ, ಏಕೆಂದರೆ ನಮ್ಮಲ್ಲಿ ಹೀಟರ್ ಹಾಕುವವರೇ ಅಪರೂಪ. ಆದರೆ ಒತ್ತಡ ಅವಕ್ಕೂ ಇದೆ. ಗಾಡಿ ಹೀಟ್ ಆಗುತ್ತದೆ ಎಂದರೆ ಥರ್ಮೋಸ್ಟ್ಯಾಟ್ ಕಿತ್ತೆಸೆಯುವುದು ಇನ್ನೊಂದು ಅಭ್ಯಾಸ. ಅದರಿಂದ ಸೋರುವ ಹೋಸ್ ಸರಿಹೋಗುವುದಿಲ್ಲ. ಎಂಜಿನ್ ಬಿಸಿಯಾಗಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಅಷ್ಟೆ. ಬೋರ್‌ವೆಲ್ ನೀರು ಸುರಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಗೀಸರ್ ಕಾಯಿಲಿಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ.

ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಸಹನೆ ಬೇಡುತ್ತದೆ. ಅಂಟಿಕೊಂಡ ಹೋಸನ್ನು ಇಕ್ಕಳ ಹಾಕಿ ತಿರುಚಿದರೆ ರೇಡಿಯೇಟರಿನ ಪ್ಲಾಸ್ಟಿಕ್ ಕತ್ತೇ ಮುರಿಯುತ್ತದೆ. ಹೋಸನ್ನು ಸೀಳಿ ಬಿಡಿಸುವುದೇ ಸರಿ. ತುಕ್ಕು ಹಿಡಿದ ಲೋಹದ ಕತ್ತನ್ನು ಎಮರಿ ಕಾಗದದಿಂದ ಉಜ್ಜಿ ನಯ ಮಾಡಬೇಕು. ಹೊಸ ಹೋಸ್ ಜಾರಿಸಲು ಗ್ರೀಸ್ ಬೇಡ, ತುಸು ಕೂಲೆಂಟ್ ಸವರಿದರೆ ಸಾಕು. ಕ್ಲಿಪ್ ಹೊಸದಿರಲಿ, ಕತ್ತಿನ ಉಬ್ಬಿನಿಂದ ಒಳಗಡೆಗೆ ಕೂರಲಿ. ಶಾಖಕ್ಕೆ ಬೆಂದು ಬಿಸ್ಕತ್ತಿನಂತಾದ ಪ್ಲಾಸ್ಟಿಕ್ ಟಿ-ಜಾಯಿಂಟ್‌ಗಳನ್ನೂ, ಹಳೆಯ ಮುಚ್ಚಳವನ್ನೂ ಜೊತೆಗೇ ಬದಲಿಸಬೇಕು. ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ ಬೆರೆಸಿ ನಿಧಾನವಾಗಿ ತುಂಬಿ, ಗಾಳಿಯೆಲ್ಲ ಹೊರಹೋಗಲು ಬಿಡಬೇಕು. ಮಾರನೆಯ ಬೆಳಗ್ಗೆ ಮಟ್ಟ ಇಳಿದಿದ್ದರೆ ಮತ್ತೆ ತುಂಬಬೇಕು.

ತೆಗೆದ ಹಳೆ ಕೂಲೆಂಟನ್ನು ಬಕೆಟ್ಟಿನಲ್ಲಿ ಹಿಡಿಯದೆ ಚರಂಡಿಗೆ ಬಿಡುವವರೇ ಹೆಚ್ಚು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ಬೀದಿನಾಯಿ ಅದನ್ನು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯಬಹುದು.

ಹೋಸ್‌ಗಳ ಇಡೀ ಸೆಟ್ಟು, ಕ್ಲಿಪ್ಪುಗಳು ಸೇರಿದರೂ 800ರಂಥ ಸಣ್ಣ ಕಾರಿಗೆ ಒಂದು ಟಯರಿನ ಬೆಲೆ ದಾಟುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ. ಆ ದುಡ್ಡು ಉಳಿಸಲು ಹೋದವರು ತೆರುವ ದಂಡ ದೊಡ್ಡದು: ಅಲ್ಯೂಮಿನಿಯಂ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು, ಎಂಜಿನ್ ಬಿಚ್ಚಿಸಿ, ಬಾಗಿದ ಹೆಡ್ಡಿನ ಮೈಯನ್ನು ಸಮ ಮಾಡುವ ಹೆಡ್ ಫೇಸಿಂಗ್ ಮಾಡಿಸಬೇಕಾಗುತ್ತದೆ. ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಎಚ್ಚರಿಸುತ್ತದೆ ಎಂದು ನಂಬುವಂತೆಯೂ ಇಲ್ಲ. ನೀರೆಲ್ಲ ಸೋರಿಹೋದರೆ ಸೆನ್ಸರ್ ಒಣಗಿ ನಿಂತು, ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ಮುಂದಿನ ಘಾಟಿ ಪ್ರಯಾಣಕ್ಕೆ ವಾರ ಮೊದಲು, ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಮೇಲಿನ ಮತ್ತು ಕೆಳಗಿನ ಹೋಸನ್ನು ಕ್ಲಿಪ್ಪಿನ ಪಕ್ಕದಲ್ಲೇ ಹಿಸುಕಿ ನೋಡಿ. ಅನುಮಾನ ಬಂದರೆ ಒಂದನ್ನಲ್ಲ, ಎಲ್ಲವನ್ನೂ ಬದಲಿಸಿ.