ಯಾರ ಮನೆ ಹುಡುಗಿ ನೀನು?

ಜಾತ್ರೆಯಲ್ಲೋ ಮದುವೆಮನೆಯ ಪಂಕ್ತಿಯಲ್ಲೋ ಸಿಕ್ಕ ಹಿರಿಯರು ಮಕ್ಕಳನ್ನು ಕೇಳುವ ಮೊದಲ ಪ್ರಶ್ನೆ ನಮಗೆಲ್ಲ ಗೊತ್ತು: ‘ಯಾರ ಮನೆ ಹುಡುಗಿ ನೀನು?’ ಐದು ವರ್ಷದ ಮಗು ಅಪ್ಪನ ಹೆಸರನ್ನೋ ಅಜ್ಜಿಯ ಹೆಸರನ್ನೋ ಹೇಳಿ ಆಟಕ್ಕೆ ಓಡುತ್ತದೆ. ಹದಿನಾರರ ಹುಡುಗಿಯೂ ಅದೇ ಉತ್ತರ ಕೊಡುತ್ತಾಳೆ, ಆದರೆ ದನಿ ಇಳಿದಿರುತ್ತದೆ. ಉತ್ತರದಲ್ಲಿ ತಪ್ಪೇನೂ ಇಲ್ಲ. ಅದು ತನ್ನನ್ನು ಪೂರ್ತಿ ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸತೊಡಗಿದೆ, ಅಷ್ಟೇ. ಈ ಎರಡು ವಯಸ್ಸುಗಳ ನಡುವೆ ಆದದ್ದೇನು, ಮುಂದೆ ಆಗಬೇಕಾದದ್ದೇನು ಎಂದು ಮಕ್ಕಳ ಜೊತೆ ಬದುಕುವವರೆಲ್ಲ ನಿಧಾನವಾಗಿ ಕೂತು ಯೋಚಿಸಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ‘ಸೈನ್ಸಾ, ಕಾಮರ್ಸಾ, ಆರ್ಟ್ಸಾ?’ ಎಂದು ಕೇಳಿ, ಒಂದು ಅರ್ಜಿಯಲ್ಲಿ ಬದುಕನ್ನೇ ಬರೆಸಿಕೊಳ್ಳಲು ಹೊರಡುವ ನಮಗೆ ಇದು ತುರ್ತಿನ ಮಾತು.

ಈ ವಿಷಯಕ್ಕೆ ಕನ್ನಡದಲ್ಲಿ ಎರಡು ಒಳ್ಳೆಯ ಪದಗಳಿವೆ: ಗುರುತು ಮತ್ತು ತನ್ನತನ. ಹೆಸರು, ಊರು, ಮನೆತನ, ಜಾತಿ, ಓದಿದ ಶಾಲೆ – ಇವು ಗುರುತುಗಳು, ಬೇರೆಯವರು ನಮ್ಮನ್ನು ಹಿಡಿಯುವ ಹಿಡಿಕೆಗಳು. ನನಗೆ ಯಾವುದು ಇಷ್ಟ, ಯಾವುದು ಸರಿ, ಯಾವುದಕ್ಕೆ ನಾನು ಒಪ್ಪಲಾರೆ ಎಂಬುದು ತನ್ನತನ, ಅದು ತಿಳಿಯುವುದು ಒಳಗಿನಿಂದ. ಬೆಳೆಯುವುದು ಎಂದರೆ ಹೊರಗಿನ ಗುರುತಿಗೂ ಒಳಗಿನ ತನ್ನತನಕ್ಕೂ ಹೊಂದಾಣಿಕೆ ಮಾಡಿಕೊಳ್ಳುವ ಕೆಲಸ. ಆ ಕೆಲಸಕ್ಕೆ ಕಾಲ ಬೇಕು.

ಕನ್ನಡಿಯ ಮುಂದಿನ ಕೂಸು

ಕೂಸಿಗೆ ದೃಷ್ಟಿಬೊಟ್ಟು ಇಟ್ಟು ಕನ್ನಡಿ ತೋರಿಸಿದರೆ, ಒಳಗೆ ಇನ್ನೊಂದು ಮಗು ಇದೆ ಎಂಬಂತೆ ಅದು ನಗುತ್ತದೆ, ಕನ್ನಡಿಯನ್ನು ತಟ್ಟುತ್ತದೆ. ಬ್ಯುಲಾ ಆಮ್‌ಸ್ಟರ್‌ಡ್ಯಾಮ್ ಎಂಬ ಮನಶ್ಶಾಸ್ತ್ರಜ್ಞೆ ಹೆಚ್ಚುಕಡಿಮೆ ಇದನ್ನೇ ಪರೀಕ್ಷೆಯಾಗಿ ಮಾಡಿ 1972ರಲ್ಲಿ ಪ್ರಕಟಿಸಿದರು. ಮಗುವಿನ ಮೂಗಿನ ಬದಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟು ಕನ್ನಡಿಯ ಮುಂದೆ ಬಿಟ್ಟರು. ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳ ಕೈ ಕನ್ನಡಿಯತ್ತ ಹೋಗುವ ಬದಲು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತದೆ. ‘ಇದು ನಾನು’ ಎಂಬ ಅರಿವು ಆಗ ಮೂಡಿರುತ್ತದೆ. ‘ನಂದು’, ‘ನಾನೇ ಮಾಡ್ತೀನಿ’ ಎಂಬ ಹಟ ಶುರುವಾಗುವುದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಮನೆಯವರಿಗೆ ಕಾಟ ಅನ್ನಿಸುವ ಆ ಹಟ ಬೆಳವಣಿಗೆಯ ಮೊದಲ ಗೆಲುವು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಕನ್ನಡಿಯ ಜಾಗಕ್ಕೆ ಮನುಷ್ಯರು ಬರುತ್ತಾರೆ. ‘ಇವಳು ಲೆಕ್ಕದಲ್ಲಿ ಚುರುಕು’, ‘ಇವನು ಅವರಜ್ಜನ ಹಾಗೆ ಮುಂಗೋಪಿ’, ‘ದೊಡ್ಡವನು ಜಾಣ, ಚಿಕ್ಕವನು ಅಷ್ಟಕ್ಕಷ್ಟೇ’ ಎಂದು ನೆಂಟರ ಮುಂದೆ ಆಡಿದ ಮಾತುಗಳನ್ನು ದೊಡ್ಡವರು ಮರೆಯುತ್ತಾರೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಮಗು ಮರೆಯುವುದಿಲ್ಲ. ತನ್ನ ಬಗ್ಗೆ ತಾನು ಹೇಳಿಕೊಳ್ಳಲು ಅದಕ್ಕೆ ಸಿಗುವ ಮೊದಲ ಮಾತುಗಳು ಅವೇ.

ಹನ್ನೊಂದು ಹನ್ನೆರಡರ ನಂತರ ಮೈ ಬದಲಾಗುತ್ತದೆ, ಯೋಚನೆಯೂ ಬದಲಾಗುತ್ತದೆ. ಕಣ್ಣಮುಂದೆ ಇರುವುದನ್ನಷ್ಟೇ ಅಲ್ಲದೆ, ಇರಬಹುದಾಗಿದ್ದನ್ನೂ ಇರಬೇಕಾದದ್ದನ್ನೂ ಮನಸ್ಸು ಕಲ್ಪಿಸಿಕೊಳ್ಳಬಲ್ಲದು. ಹಾಗಾಗಿಯೇ ‘ನಾನು ಬೇರೆ ಥರ ಇರಬಹುದಿತ್ತಲ್ಲ’ ಎಂಬ ಪ್ರಶ್ನೆ ಏಳುತ್ತದೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವ ಈ ವಯಸ್ಸಿನ ಜೊತೆಗಾರ. ಡೇವಿಡ್ ಎಲ್ಕೈಂಡ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಇದನ್ನು ‘ಕಲ್ಪಿತ ಪ್ರೇಕ್ಷಕರು’ ಎಂದು ಕರೆದರು. ಮುಖದ ಮೇಲೆ ಒಂದು ಮೊಡವೆ ಎದ್ದರೆ ಕಾಲೇಜಿಗೆ ಹೋಗುವುದೇ ಬೇಡ ಅನ್ನಿಸುವುದು ಇದರಿಂದಲೇ. ಇಂದು ಆ ಪ್ರೇಕ್ಷಕರಲ್ಲಿ ಒಂದು ಪಾಲು ಕಲ್ಪಿತರಾಗಿ ಉಳಿದಿಲ್ಲ. ಮೊಬೈಲ್ ಪರದೆಯ ಮೇಲೆ ಲೈಕುಗಳ ಲೆಕ್ಕವಾಗಿ ಕೂತಿದ್ದಾರೆ. ಹಿಂದೆ ಊರಿನ ನಾಲ್ಕು ಜನರ ಕಣ್ಣಿಗೆ ಅಂಜುತ್ತಿದ್ದ ವಯಸ್ಸು ಈಗ ನಾಲ್ಕುನೂರು ಜನರ ಕಣ್ಣಿನ ಕೆಳಗೆ ಬೆಳೆಯುತ್ತಿದೆ.

ತಾನೇ ಹೆಸರಿಟ್ಟುಕೊಂಡವನು

ಈ ವಯಸ್ಸಿನ ತಳಮಳಕ್ಕೆ ‘ಅಸ್ಮಿತೆಯ ಬಿಕ್ಕಟ್ಟು’ ಎಂಬ ಹೆಸರು ಕೊಟ್ಟವರು ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್. ಆ ಬಿಕ್ಕಟ್ಟು ಅವರಿಗೆ ಪುಸ್ತಕದಿಂದ ಬಂದ ಜ್ಞಾನವಾಗಿರಲಿಲ್ಲ. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ತಾಯಿ ಡೆನ್ಮಾರ್ಕಿನ ಯಹೂದಿ. ಸಾಕಿದ ತಂದೆ ಹೊಂಬರ್ಗರ್ ಮಕ್ಕಳ ವೈದ್ಯರು. ನೀಲಿ ಕಣ್ಣು, ಹೊಂಬಣ್ಣದ ಕೂದಲಿನ ಹುಡುಗನನ್ನು ಯಹೂದಿ ಮಕ್ಕಳು ಹೊರಗಿನವನೆಂದು ಚುಡಾಯಿಸಿದರು, ಶಾಲೆಯ ಮಕ್ಕಳು ಯಹೂದಿಯೆಂದು ಚುಡಾಯಿಸಿದರು. ಓದು ಮುಗಿದ ಮೇಲೆ ಕೆಲವು ವರ್ಷ ಚಿತ್ರ ಬರೆಯುತ್ತ ಯುರೋಪಿನಲ್ಲಿ ಅಲೆದರು. 1927ರಲ್ಲಿ ವಿಯೆನ್ನಾದ ಚಿಕ್ಕ ಶಾಲೆಯೊಂದರಲ್ಲಿ ಮಾಸ್ತರಿಕೆ ಸಿಕ್ಕಿತು, ಅಲ್ಲಿಂದ ಮನೋವಿಶ್ಲೇಷಣೆಯ ದಾರಿ ತೆರೆಯಿತು. ಮುಂದೆ ಅಮೆರಿಕಕ್ಕೆ ಹೋಗಿ, 1939ರಲ್ಲಿ ಅಲ್ಲಿಯ ಪೌರತ್ವ ಪಡೆಯುವಾಗ ತಮಗೆ ತಾವೇ ‘ಎರಿಕ್‌ಸನ್’, ಅಂದರೆ ಎರಿಕನ ಮಗ, ಎಂದು ಹೆಸರಿಟ್ಟುಕೊಂಡರು. ‘ಯಾರ ಮನೆ ಹುಡುಗ ನೀನು?’ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಅದು.

ಹದಿಹರೆಯದ ಮುಖ್ಯ ಕೆಲಸವೇ ‘ನಾನು ಯಾರು’ ಎಂಬುದನ್ನು ತಕ್ಕಮಟ್ಟಿಗೆ ಇತ್ಯರ್ಥ ಮಾಡಿಕೊಳ್ಳುವುದು ಎಂದರು ಎರಿಕ್‌ಸನ್. ಅದಕ್ಕೆ ಸಮಾಜ ಒಂದಷ್ಟು ಬಿಡುವು ಕೊಡಬೇಕು, ಆ ಬಿಡುವಿನಲ್ಲಿ ಮಾಡಿದ್ದನ್ನೆಲ್ಲ ಕೊನೆಯ ಮಾತೆಂದು ಹಿಡಿದು ಕೂರಬಾರದು ಎಂಬುದು ಅವರ ಮಾತಿನ ಸಾರ. ಅಂಥ ಬಿಡುವಿಗೆ ಗಾಂಧಿಯ ಹರೆಯವೇ ಒಂದು ಉದಾಹರಣೆ: 1888ರಲ್ಲಿ ಲಂಡನ್ನಿಗೆ ಓದಲು ಹೋದ ಅವರು ಅಲ್ಲಿ ಹ್ಯಾಟು ತೊಟ್ಟು, ನೃತ್ಯ, ಪಿಟೀಲು, ಭಾಷಣಕಲೆಯ ಪಾಠಗಳಿಗೆ ಸೇರಿದ್ದರು. ಕೆಲವೇ ತಿಂಗಳಲ್ಲಿ ಎಲ್ಲ ಬಿಟ್ಟರು. ಆ ತಿಂಗಳುಗಳು ವ್ಯರ್ಥವಾಗಲಿಲ್ಲ, ಯಾವುದು ತನ್ನದಲ್ಲ ಎಂದು ತಿಳಿಯಲು ಖರ್ಚಾದವು.

ನಾಲ್ಕು ಸ್ಥಿತಿಗಳು

ಎರಿಕ್‌ಸನ್ ಮಾತನ್ನು ಅಳೆದು ನೋಡುವಂತೆ ಮಾಡಿದವರು ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ. 1966ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಕಾಲೇಜು ಯುವಕರ ಬಳಿ ಎರಡು ಸಂಗತಿಗಳನ್ನು ವಿಚಾರಿಸಿದರು: ಬೇರೆಬೇರೆ ದಾರಿಗಳನ್ನು ನೋಡಿದ್ದೀಯಾ? ಒಂದಕ್ಕೆ ಬದ್ಧನಾಗಿದ್ದೀಯಾ? ಉತ್ತರಗಳಿಂದ ನಾಲ್ಕು ಸ್ಥಿತಿಗಳು ಕಂಡವು. ನಮ್ಮ ಮನೆಗಳಲ್ಲಿ ಅವು ಹೀಗಿರುತ್ತವೆ.

ಒಬ್ಬ ಹುಡುಗ ಯಾವುದನ್ನೂ ನೋಡಿಲ್ಲ, ಯಾವುದಕ್ಕೂ ಬದ್ಧನಲ್ಲ. ಗೆಳೆಯ ಸೇರಿದ ಕಾಲೇಜಿಗೆ ತಾನೂ ಸೇರಿದ್ದಾನೆ. ಇದು ಚದುರಿದ ಸ್ಥಿತಿ. ಇನ್ನೊಬ್ಬಳಿಗೆ ಡಾಕ್ಟರಾಗುವುದು ಖಚಿತ, ಆದರೆ ಅದು ಅವಳು ತೊಟ್ಟಿಲಲ್ಲಿದ್ದಾಗಲೇ ಮನೆಯವರು ಖಚಿತ ಮಾಡಿದ್ದು. ಬೇರೆ ದಾರಿಯತ್ತ ಅವಳು ತಿರುಗಿ ನೋಡಿಲ್ಲ. ಇದು ಬೇಗ ಮುಚ್ಚಿದ ಸ್ಥಿತಿ. ಮೂರನೆಯವನು ನಿನ್ನೆ ಫೋಟೊಗ್ರಫಿ ಎನ್ನುತ್ತಿದ್ದ, ಇಂದು ಕೃಷಿ ಎನ್ನುತ್ತಾನೆ, ಊಟದ ಹೊತ್ತಿನಲ್ಲಿ ಅಪ್ಪನ ಜೊತೆ ವಾದಕ್ಕಿಳಿಯುತ್ತಾನೆ. ಇದು ಹುಡುಕಾಟದ ಸ್ಥಿತಿ. ನಾಲ್ಕನೆಯವಳು ನಾಲ್ಕಾರು ದಾರಿ ನೋಡಿ, ಕೆಲವನ್ನು ಬಿಟ್ಟು, ಒಂದರ ಮೇಲೆ ಕಾಲೂರಿದ್ದಾಳೆ. ಇದು ಗಳಿಸಿಕೊಂಡ ಸ್ಥಿತಿ.

ಈ ನಾಲ್ವರಲ್ಲಿ ನಮಗೆ ನೆಮ್ಮದಿ ಕೊಡುವವಳು ಎರಡನೆಯವಳು, ನಿದ್ದೆ ಕೆಡಿಸುವವನು ಮೂರನೆಯವನು. ಆದರೆ ಗಳಿಸಿಕೊಂಡ ಸ್ಥಿತಿಗೆ ಹೋಗುವ ದಾರಿ ಹುಡುಕಾಟದ ಮೂಲಕವೇ ಹಾದುಹೋಗುತ್ತದೆ. ಪ್ರಶ್ನೆ ಕೇಳದೆ ಒಪ್ಪಿಕೊಂಡವಳಿಗೆ ಅದೇ ಪ್ರಶ್ನೆ ಮೂವತ್ತೈದನೇ ವಯಸ್ಸಿನಲ್ಲಿ, ಸಾಲ-ಸಂಸಾರಗಳ ನಡುವೆ, ಎದ್ದು ನಿಲ್ಲಬಹುದು. ಇಲ್ಲೊಂದು ಎಚ್ಚರದ ಮಾತೂ ಬೇಕು. ಈ ನಾಲ್ಕು ಸ್ಥಿತಿಗಳು ಮಕ್ಕಳ ಹಣೆಗೆ ಹಚ್ಚುವ ಚೀಟಿಗಳಾಗಬಾರದು. ಒಬ್ಬಳೇ ಓದಿನ ವಿಷಯದಲ್ಲಿ ಹುಡುಕಾಟದಲ್ಲಿದ್ದು, ದೇವರ ವಿಷಯದಲ್ಲಿ ನೆಲೆ ಕಂಡಿರಬಹುದು. ಒಮ್ಮೆ ನೆಲೆ ಕಂಡವರು ಮತ್ತೆ ಹುಡುಕಾಟಕ್ಕೆ ಇಳಿಯುವುದೂ ಉಂಟು. ಮಾರ್ಸಿಯಾ ಮಾತನಾಡಿಸಿದ್ದು ಅಮೆರಿಕದ ಗಂಡುಹುಡುಗರನ್ನು. ಅಲ್ಲಿ ಮನೆ ಬಿಟ್ಟು ಹೊರಡುವುದು ಬೆಳೆದುದರ ಲಕ್ಷಣ. ನಮ್ಮಲ್ಲಿ ಮನೆಯ ಒಳಗಿದ್ದುಕೊಂಡೇ, ಅಕ್ಕ-ಅಣ್ಣಂದಿರ ಜೊತೆ ಮಾತಾಡಿಕೊಂಡೇ ತನ್ನತನ ಕಂಡುಕೊಳ್ಳಲು ಸಾಧ್ಯ. ಅಪ್ಪ ತೋರಿದ ದಾರಿಯನ್ನೇ, ಯೋಚಿಸಿ, ತನ್ನದೆಂದು ಆರಿಸಿಕೊಂಡರೆ ಅದೂ ಗಳಿಕೆಯೇ.

ಯಯಾತಿಯ ಮಗ

ಹುಡುಕಾಟದಲ್ಲಿ ತನ್ನತನ ಕಂಡುಕೊಳ್ಳುವುದಕ್ಕೆ ಕನ್ನಡದ್ದೇ ಒಂದು ಉದಾಹರಣೆ ಇದೆ. ಶಿರಸಿ, ಧಾರವಾಡಗಳಲ್ಲಿ ಬೆಳೆದು, ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. ಹರೆಯದಲ್ಲಿ ಅವರ ಕನಸು ಇಂಗ್ಲಿಷ್ ಕವಿಯಾಗುವುದು. 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆ ನಡೆದಾಗ ಮನೆಯಲ್ಲಿ ಹೆಮ್ಮೆಯ ಜೊತೆ ಆತಂಕವೂ ಇತ್ತು: ಹುಡುಗ ಅಲ್ಲೇ ಉಳಿದುಬಿಟ್ಟರೆ? ಆ ಒತ್ತಡದ ದಿನಗಳಲ್ಲಿ ಅವರು ಬರೆಯಲು ಕೂತಾಗ ಬಂದದ್ದು ಕವಿತೆಯಲ್ಲ, ನಾಟಕ, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ತನಗೇ ಅದು ಅಚ್ಚರಿಯಾಯಿತು ಎಂದು ಅವರು ಮುಂದೆ ಬರೆದುಕೊಂಡಿದ್ದಾರೆ. 1961ರಲ್ಲಿ ಪ್ರಕಟವಾದ ಆ ನಾಟಕ ‘ಯಯಾತಿ’. ಅಪ್ಪನ ಮುಪ್ಪನ್ನು ಹೊತ್ತು, ತನ್ನ ಯೌವನವನ್ನು ಅವನಿಗೆ ಕೊಟ್ಟ ಪೂರುವಿನ ಕಥೆ ಅದು.

ತಂದೆತಾಯಿಯ ನಿರೀಕ್ಷೆಯ ಭಾರ ಹೊತ್ತ ಇಪ್ಪತ್ತೆರಡರ ಯುವಕನಿಗೆ ಸಾವಿರಾರು ವರ್ಷದ ಹಳೆಯ ಕಥೆ ಯಾಕೆ ಹತ್ತಿರವಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ. ತಾನು ಆಗಬೇಕೆಂದು ಹೊರಟಿದ್ದು ಒಂದು, ತನ್ನೊಳಗೆ ಇದ್ದದ್ದು ಇನ್ನೊಂದು ಎಂಬುದು ಕೆಲಸಕ್ಕೆ ಕೂತಾಗಲೇ ಅವರಿಗೆ ತಿಳಿದದ್ದು. ತನ್ನತನ ಹಾಗೆ ಸಿಗುತ್ತದೆ. ಕಣ್ಣು ಮುಚ್ಚಿ ‘ನಾನು ಯಾರು’ ಎಂದು ಕೇಳಿಕೊಂಡವರಿಗಿಂತ ಬರೆದು, ಹಾಡಿ, ಆಡಿ, ದುಡಿದು ನೋಡಿದವರಿಗೆ ಅದು ಬೇಗ ಕೈಗೆ ಹತ್ತುತ್ತದೆ.

ಬಿಡುವೇ ಸಿಗದವರು

ಇನ್ನು ಎಲ್ಲಕ್ಕಿಂತ ಮುಖ್ಯ ಮಾತು. ಹುಡುಕಾಟಕ್ಕೆ ಬೇಕಾದ ಬಿಡುವು ಎಲ್ಲ ಮಕ್ಕಳಿಗೂ ಸಿಗುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಿಗೆ ಒಬ್ಬರಂತೆ 18 ತುಂಬುವ ಮೊದಲೇ ಮದುವೆಯಾಗಿದ್ದರು. ‘ಯಾರ ಮನೆ ಹುಡುಗಿ’ ಎಂಬುದರಿಂದ ಅವರು ನೇರವಾಗಿ ‘ಯಾರ ಮನೆ ಸೊಸೆ’ ಎಂಬುದಕ್ಕೆ ದಾಟಿದರು. ನಡುವೆ ‘ನಾನು’ ಎಂದು ಹೇಳುವ ವರ್ಷಗಳೇ ಅವರಿಗೆ ಸಿಗಲಿಲ್ಲ. ಓದು ಬಿಟ್ಟು ಗಾರೆ ಕೆಲಸಕ್ಕೋ ಗ್ಯಾರೇಜಿಗೋ ಹೋದ ಹುಡುಗನ ಪಾಡೂ ಬೇರೆಯಲ್ಲ.

ಕೆಲವರಿಗೆ ಸಮಾಜ ಬಿಡುವು ಕೊಡುವುದಿಲ್ಲ, ಮೇಲಿಂದ ಅವಮಾನದ ಗುರುತೊಂದನ್ನು ಒತ್ತಿಬಿಡುತ್ತದೆ. ಅಂಥ ಗುರುತನ್ನು ತಿರುಗಿಸಿ ಹಿಡಿದವರೂ ನಮ್ಮಲ್ಲಿದ್ದಾರೆ. 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ 1975ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟರು. ತುಳಿಯಲು ಬಳಸುತ್ತಿದ್ದ ಮಾತುಗಳೇ ಪುಸ್ತಕದ ಮುಖಪುಟದಲ್ಲಿ ತಲೆಯೆತ್ತಿ ನಿಂತವು. ಆದರೆ ಅಂಥ ಎದೆಗಾರಿಕೆಯನ್ನು ಪ್ರತಿ ಮಗುವಿನಿಂದ ಬಯಸುವುದು ನ್ಯಾಯವಲ್ಲ. ಗುರುತನ್ನು ಭಾರವಾಗಿ ಹೇರದಿರುವುದು ಮೊದಲು ಸಮಾಜ ಮಾಡಬೇಕಾದ ಕೆಲಸ.

ಹಿರಿಯರ ಪಾಲಿನದು

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಮಗುವಿನ ಒಂದು ಗುಣವನ್ನು ಅದರ ಹೆಸರಾಗಿಸದಿರೋಣ. ‘ಸೋಮಾರಿ’ ಎನ್ನುವ ಬದಲು ‘ಇವತ್ತು ಕೆಲಸ ಉಳಿಸಿದ್ದೀಯ’ ಎಂದರೆ ನಾಳೆ ಬದಲಾಗಲು ಜಾಗ ಉಳಿಯುತ್ತದೆ. ‘ಮುಂದೆ ಏನಾಗ್ತೀಯ?’ ಎಂದು ಕೇಳುವಲ್ಲಿ ‘ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲ್ಲ?’ ಎಂದು ಕೇಳೋಣ. ಪಿಯುಸಿಯಲ್ಲಿ ಸೈನ್ಸ್ ತಗೊಂಡವಳು ಡಿಗ್ರಿಗೆ ಇತಿಹಾಸ ಓದುತ್ತೇನೆಂದರೆ, ಅದನ್ನು ಸೋಲೆಂದು ಬಗೆಯದೆ ಕೂತು ಕೇಳೋಣ. ನಾವೂ ಆ ವಯಸ್ಸಿನಲ್ಲಿ ತಡವರಿಸಿದ್ದನ್ನು ಮಕ್ಕಳಿಗೆ ಹೇಳೋಣ. ಹುಡುಕಾಟದ ತಳಮಳ ಬೇರೆ, ಕುಸಿತ ಬೇರೆ ಎಂಬುದನ್ನೂ ಮರೆಯದಿರೋಣ. ವಾರಗಟ್ಟಲೆ ಊಟ-ನಿದ್ದೆ ಕೆಟ್ಟು, ಗೆಳೆಯರನ್ನೂ ದೂರವಿಟ್ಟು, ಬದುಕೇ ಬೇಡ ಎಂಬ ಮಾತು ಬಂದರೆ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಬಿಡುವು ಸಿಕ್ಕವರು ಮನೆಯಿಂದ ದೂರವಾಗಿಬಿಡುತ್ತಾರೆ ಎಂಬ ಭಯ ಹೆತ್ತವರಲ್ಲಿದೆ. ಕಾರ್ನಾಡರ ಮನೆಯಲ್ಲೂ ಅದೇ ಭಯವಿತ್ತು. ಅವರು ಓದು ಮುಗಿಸಿ ಮರಳಿ ಬಂದರು, ಕನ್ನಡದಲ್ಲಿ ನಾಟಕಗಳನ್ನು ಬರೆದರು. ಎಲ್ಲರೂ ಹಾಗೆ ಮರಳಿ ಬರುತ್ತಾರೆಂದು ಯಾರೂ ಭರವಸೆ ಕೊಡಲಾರರು. ಆದರೆ ತಾನು ಯಾರೆಂದು ತಾನೇ ಕಂಡುಕೊಂಡ ಮಗಳು ಜಾತ್ರೆಯಲ್ಲಿ ಆ ಹಳೆಯ ಪ್ರಶ್ನೆ ಎದುರಾದಾಗ ದನಿ ಇಳಿಸುವುದಿಲ್ಲ. ಮೊದಲು ತನ್ನ ಹೆಸರು ಹೇಳುತ್ತಾಳೆ, ಆಮೇಲೆ ಅಪ್ಪ-ಅಮ್ಮನ ಹೆಸರು, ಊರಿನ ಹೆಸರು. ಆಗ ಆ ಹೆಸರುಗಳೂ ಅವಳವೇ ಆಗಿರುತ್ತವೆ.