ಟೈರ್ ಬದಲಾಯಿಸಿದೆವು, ಕಾರಣ ಹಾಗೇ ಉಳಿಯಿತು

ಕಳೆದ ಜೂನ್‌ನಲ್ಲಿ ರಜೆಗೆಂದು ಮನೆಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಅಪ್ಪ ಕಾರಿನ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಬಿಡುತ್ತಿದ್ದರು. ‘ನೋಡು ಮಗಾ, ಇದ್ಯಾಕೆ ಹಿಂಗಾಗುತ್ತೆ?’ ಎಂದರು. ಬಗ್ಗಿ ನೋಡಿದೆ. ಹೊರಗಿನಿಂದ ನೋಡಿದರೆ ಟೈರ್ ಹೊಸದರಂತೆಯೇ ಇತ್ತು. ಒಳಗಿನ ಅಂಚು ಮಾತ್ರ ಬೋಳಾಗಿ, ಒಂದು ಕಡೆ ತಂತಿ ಇಣುಕುತ್ತಿತ್ತು.

ಅಪ್ಪ ಚಿಕ್ಕಮಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಹಳದಿ ಬೋರ್ಡಿನ ಆ ಒಂದು ಕಾರೇ ನಮ್ಮ ಮನೆಯ ಗದ್ದೆ, ತೋಟ ಎಲ್ಲ. ವಾರಾಂತ್ಯ ಬಂತೆಂದರೆ ಬೆಂಗಳೂರಿನಿಂದ ಬಂದವರನ್ನು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಎಂದು ಹತ್ತಿಸಿ ಇಳಿಸುವುದು ಅವರ ಕೆಲಸ. ಆ ತಿರುವುಗಳಲ್ಲಿ, ಆ ಮಳೆಯಲ್ಲಿ, ನಾಲ್ಕು ಜನರನ್ನು ಕೂರಿಸಿಕೊಂಡು ತಂತಿ ಕಂಡ ಟೈರಿನಲ್ಲಿ ಅವರು ಎಷ್ಟು ದಿನ ಓಡಾಡಿದ್ದರೋ! ಈಗ ನೆನೆದರೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ. ಅದೇ ಸೆಮಿಸ್ಟರ್‌ನಲ್ಲಿ ಕ್ಯಾಂಬರ್, ಕ್ಯಾಸ್ಟರ್, ಟೋ ಇವುಗಳ ವ್ಯಾಖ್ಯಾನ ಹೇಳಿ ವೈವಾದಲ್ಲಿ ಒಳ್ಳೆಯ ಅಂಕ ತೆಗೆದಿದ್ದೆ. ಹಾಗಾಗಿ ಗತ್ತಿನಿಂದಲೇ ಹೇಳಿದೆ, ‘ಅಲೈನ್‌ಮೆಂಟ್ ಔಟ್ ಆಗಿರುತ್ತೆ ಅಪ್ಪಾ.’

‘ಹೋದ ತಿಂಗಳಷ್ಟೇ ಮಾಡಿಸಿದೀನಲ್ಲೋ.’

‘ಹಂಗಾದ್ರೆ ಘಾಟ್ ರೋಡ್ ಅಲ್ವಾ, ಸವೆಯುತ್ತೆ ಬಿಡಿ.’

ಅಪ್ಪ ಮಾತಾಡಲಿಲ್ಲ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನು ಹೇಳಿದ ಮೇಲೆ ಸರಿಯೇ ಇರಬೇಕು ಎಂದುಕೊಂಡರು. ಮುಂದಿನ ಎರಡೂ ಟೈರ್ ಬದಲಾಯಿಸಿದರು. ಒಂಬತ್ತು ತಿಂಗಳಲ್ಲಿ ಇದು ಎರಡನೇ ಜೋಡಿ. ಪ್ರತಿ ಸಲವೂ 8 ಸಾವಿರ ರೂಪಾಯಿಯ ಮೇಲೆ. ಸ್ಟ್ಯಾಂಡಿನ ಉಳಿದವರಿಗೆ 40 ಸಾವಿರ ಕಿಲೋಮೀಟರ್ ಬರುವ ಟೈರು ನಮಗೆ 15 ಸಾವಿರಕ್ಕೇ ಮುಗಿದಿತ್ತು. ನನ್ನ ಹಾಸ್ಟೆಲ್ ಫೀಸು ಆ ಸಲ ತಡವಾಗಿದ್ದು ಯಾಕೆಂದು ನನಗೆ ಆಮೇಲೆ ಅಮ್ಮನಿಂದ ತಿಳಿಯಿತು.

ನಾನು ಹೇಳಿದ ‘ಘಾಟ್ ರೋಡ್’ ಕಾರಣ ಎಷ್ಟು ತಪ್ಪೆಂದು ಈಗ ಗೊತ್ತಾಗಿದೆ. ತಿರುವುಗಳಲ್ಲಿ ಜೋರಾಗಿ ತಿರುಗಿಸಿದರೆ ಮುಂದಿನ ಟೈರಿನ ಹೊರ ಅಂಚು ಸವೆಯಬೇಕು. ನಮ್ಮದು ಸವೆದಿದ್ದು ಒಳ ಅಂಚು. ಕಣ್ಣೆದುರಿಗೇ ಇದ್ದ ಸಾಕ್ಷಿ ನನ್ನ ಮಾತನ್ನು ಸುಳ್ಳು ಮಾಡುತ್ತಿತ್ತು. ನಾನು ಟೈರನ್ನು ನೋಡಿದ್ದೆ, ಓದಿರಲಿಲ್ಲ.

ಹೌದು, ಟೈರನ್ನು ಓದಬಹುದು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ತಪ್ಪಿದೆ ಎಂಬ ಅನುಮಾನ. ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್ ಅಥವಾ ಟೋ. ಇಷ್ಟೂ ನನ್ನ ನೋಟ್ಸಿನಲ್ಲಿತ್ತು, ಕೋಷ್ಟಕ ಮಾಡಿ ಸ್ಕೆಚ್ ಪೆನ್ನಿನಲ್ಲಿ ಗೆರೆ ಕೂಡ ಎಳೆದಿದ್ದೆ!

ದಸರಾ ರಜೆಗೆ ಹೋದಾಗ ಹೊಸ ಟೈರಿನ ಒಳ ಅಂಚು ಮತ್ತೆ ಸವೆಯಲು ಶುರುವಾಗಿತ್ತು. ಈ ಸಲ ಅಪ್ಪ ನನ್ನನ್ನು ಕೇಳಲಿಲ್ಲ. ಯಾರೋ ಹೇಳಿದರೆಂದು ಊರ ಹೊರಗಿನ ಒಂದು ಸಣ್ಣ ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿನ ಮೇಸ್ತ್ರಿಗೆ ಅರವತ್ತರ ಆಸುಪಾಸು. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲು ಪ್ರಶ್ನೆ ಕೇಳಲು ಕೂತರು. ಯಾವಾಗಿನಿಂದ ಹೀಗೆ? ಎರಡೂ ಟೈರಾ, ಒಂದೇನಾ? ಟೈರ್ ಹಿಂದೆ ಮುಂದೆ ಬದಲಾಯಿಸಿದ್ದೀರಾ? ದೊಡ್ಡ ಗುಂಡಿಗೆ ಇಳಿಸಿದ ನೆನಪಿದೆಯಾ? ಬ್ರೇಕ್ ಹಾಕಿದಾಗ ಸ್ಟೇರಿಂಗ್ ಒಂದು ಕಡೆ ಎಳೆಯುತ್ತದಾ, ಕೆಳಗೆ ‘ಟಕ್’ ಅಂತ ಶಬ್ದ ಬರುತ್ತದಾ?

ಅಪ್ಪನ ಮುಖ ಅರಳಿತು. ‘ಬರುತ್ತೆ ಮೇಸ್ತ್ರಿ, ಇಳಿಜಾರಲ್ಲಿ ಬ್ರೇಕ್ ಒತ್ತಿದಾಗ. ಸ್ಟೇರಿಂಗೂ ಸ್ವಲ್ಪ ಎಡಕ್ಕೆ ಹೋಗುತ್ತೆ.’ ಈ ವಿಷಯ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಯಾರೂ ಕೇಳಿರಲಿಲ್ಲ. ನಾನೂ.

ಆಮೇಲೆ ಮೇಸ್ತ್ರಿ ನನ್ನ ಕೈ ಹಿಡಿದು ಟೈರಿನ ಮೇಲೆ ಇಟ್ಟರು. ‘ಒಳಗಿನಿಂದ ಹೊರಕ್ಕೆ ಸವರು.’ ನುಣುಪಾಗಿತ್ತು. ‘ಈಗ ಹೊರಗಿನಿಂದ ಒಳಕ್ಕೆ.’ ಪ್ರತಿ ಬಟನ್ನಿನ ಅಂಚೂ ಗರಗಸದ ಹಲ್ಲಿನಂತೆ ಅಂಗೈಗೆ ತಾಗಿತು. ಕ್ಯಾಂಬರ್ ತಪ್ಪಿದ್ದರೆ ಅಂಚು ನುಣ್ಣಗೆ ಸವೆಯುತ್ತದೆ, ಈ ಹಲ್ಲು ಬರುವುದು ಟೋ ತಪ್ಪಿದಾಗ. ಚಕ್ರಗಳ ಮುಂಭಾಗ ಹೊರಕ್ಕೆ ಬಾಯಿ ತೆರೆದಿದ್ದರೆ, ಅಂದರೆ ಟೋ ಔಟ್ ಇದ್ದರೆ, ಹಲ್ಲು ಹೀಗೆ ಚುಚ್ಚುತ್ತದೆ. ಅಲ್ಲದೆ ಟೋ ತಪ್ಪಿದಾಗ ಮುಂದಿನ ಎರಡು ಟೈರ್‌ಗಳೂ ಪಾಲು ಹಂಚಿಕೊಂಡು ಸವೆಯುತ್ತವೆ. ನಮ್ಮದರಲ್ಲೂ ಎರಡೂ ಸವೆದಿದ್ದವು, ಎಡಗಡೆಯದು ತುಸು ಹೆಚ್ಚು.

‘ಆದರೆ ಅಲೈನ್‌ಮೆಂಟ್ ಪ್ರಿಂಟ್‌ನಲ್ಲಿ ಎಲ್ಲ ಹಸಿರು ಇದೆಯಲ್ಲ?’ ಎಂದು ನಾನು ಕಾಗದ ತೆಗೆದು ತೋರಿಸಿದೆ.

‘ಮೆಷಿನ್ ಮೇಲೆ ಕಾರು ನಿಂತಿರುತ್ತೆ ಇಂಜಿನಿಯರ್ರೇ’ ಎಂದು ನಕ್ಕರು.

ಆ ಒಂದು ಮಾತಿನಲ್ಲಿ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರು. ಟೈ ರಾಡ್ ಬಿಗಿಯಾಗಿತ್ತು. 12 ಮತ್ತು 6ರಲ್ಲಿ ಹಿಡಿದು ನೋಡಿದರು. ಬೇರಿಂಗ್, ಬಾಲ್ ಜಾಯಿಂಟ್ ಸರಿ. ಕೊನೆಗೆ ಉದ್ದನೆಯ ಕಬ್ಬಿಣದ ರಾಡೊಂದನ್ನು ಎಡಗಡೆಯ ಲೋವರ್ ಆರ್ಮ್ ಸಂದಿಗೆ ಕೊಟ್ಟು ಮೀಟಿದರು. ಆರ್ಮ್ ಹಿಂದಕ್ಕೂ ಮುಂದಕ್ಕೂ ಸರಿಯಿತು. ಅದನ್ನು ಹಿಡಿದಿಡಬೇಕಿದ್ದ ರಬ್ಬರ್ ಬುಷ್ ಬಿರಿದು ಹೋಳಾಗಿತ್ತು.

ನಿಂತಿರುವಾಗ ಚಕ್ರ ಇರಬೇಕಾದ ಜಾಗದಲ್ಲೇ ಇರುತ್ತದೆ, ಮೆಷಿನ್ ಹಸಿರು ತೋರಿಸುತ್ತದೆ. ಬ್ರೇಕ್ ಒತ್ತಿದ ಕ್ಷಣ ಆರ್ಮ್ ಸರಿದು ಚಕ್ರ ಹೊರಕ್ಕೆ ತಿರುಗುತ್ತದೆ. ಗಿರಿಯಿಂದ ಇಳಿಯುವಾಗ ಬ್ರೇಕ್ ಮೇಲಿಂದ ಕಾಲು ತೆಗೆಯುವುದುಂಟೇ? ಹೊಸ ಬುಷ್, ಕೂಲಿ, ಮತ್ತೆ ಅಲೈನ್‌ಮೆಂಟ್ ಎಲ್ಲ ಸೇರಿ 2 ಸಾವಿರದ ಒಳಗೆ ಮುಗಿಯಿತು.

ಇದನ್ನು ಓದಿ ‘ಓಹೋ, ಪುಸ್ತಕಕ್ಕಿಂತ ಅನುಭವ ದೊಡ್ಡದು’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇದಕ್ಕೆ ಮುಂಚೆ ಕಾರು ನೋಡಿದ ಮೂವರಿಗೂ ಬೇಕಾದಷ್ಟು ಅನುಭವವಿತ್ತು. ಒಬ್ಬರು ಟೈರ್ ಕಂಪನಿ ಬದಲಾಯಿಸಿ ಎಂದರು, ಮತ್ತೊಬ್ಬರು ಹಿಂದೆ ಮುಂದೆ ಹಾಕಿಕೊಳ್ಳಿ ಎಂದರು. ಯಾವ ಟೈರ್ ಎಲ್ಲಿತ್ತೆಂದು ಬರೆದಿಡದೆ ಹಾಗೆ ಬದಲಾಯಿಸುವುದು ಸಾಕ್ಷಿ ಅಳಿಸಿದಂತೆಯೇ. ಅವರನ್ನು ಪೂರ್ತಿ ದೂರಲೂ ಆಗದು. ಗ್ಯಾರೇಜಿನಲ್ಲಿ ಕಾರು ಒಂದು ದಿನ ನಿಂತರೆ ನಮಗೆ ಒಂದು ದಿನದ ಬಾಡಿಗೆ ಹೋಯಿತು, ಹಾಗಾಗಿ ‘ಬೇಗ ಏನಾದ್ರೂ ಮಾಡಿ ಕೊಡಿ’ ಎಂದವರು ಅಪ್ಪನೇ.

ಪುಸ್ತಕವೂ ನಿಷ್ಪ್ರಯೋಜಕವೇನಲ್ಲ. ಅಂದು ರಾತ್ರಿ ಲೆಕ್ಕ ಹಾಕಿದೆ. ಒಂದು ಚಕ್ರ ಬರೀ ಅರ್ಧ ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 9 ಮೀಟರ್‌ನಷ್ಟು ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. ದಿನಕ್ಕೆ 150 ಕಿಲೋಮೀಟರ್ ಹಾಗೇ ಓಡಿದರೆ 1.3 ಕಿಲೋಮೀಟರ್ ಟೈರನ್ನು ಅಡ್ಡಡ್ಡ ಎಳೆದುಕೊಂಡು ಹೋದಂತೆ. ಮೇಸ್ತ್ರಿಗೆ ಈ ಲೆಕ್ಕ ಹೇಳಿದಾಗ ಅವರೂ ಒಂದು ಕ್ಷಣ ಸುಮ್ಮನಾದರು, ‘ಅಷ್ಟಾಗುತ್ತಾ?’ ಎಂದರು. ಆ ಸೈನು, ಟ್ಯಾನು ನನಗೆ ಮೊದಲಿನಿಂದ ಬರುತ್ತಿತ್ತು. ಅದನ್ನು ಎಲ್ಲಿ ಹಚ್ಚಬೇಕೆಂದು ಗೊತ್ತಿರಲಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಪರೀಕ್ಷೆಗಳಲ್ಲಿ ಕಾರಣ ಕೊಟ್ಟು ಪರಿಣಾಮ ಕೇಳುತ್ತಾರೆ. ‘ಟೋ ಔಟ್ ಹೆಚ್ಚಾದರೆ ಏನಾಗುತ್ತದೆ?’ ಎರಡು ಅಂಕ. ಬದುಕಿನಲ್ಲಿ ಪರಿಣಾಮ ಕಣ್ಣಮುಂದಿರುತ್ತದೆ, ಕಾರಣ ಎಲ್ಲೋ ಕೆಳಗೆ ಕೊಳೆಯಲ್ಲಿ ಅಡಗಿರುತ್ತದೆ. ಮೂರು ವರ್ಷದಲ್ಲಿ ಒಂದೇ ಒಂದು ಸಲವೂ ನಮ್ಮ ಮುಂದೆ ಕೆಟ್ಟು ಹೋದ ವಸ್ತುವನ್ನಿಟ್ಟು ‘ಯಾಕೆ ಕೆಟ್ಟಿತು, ಹುಡುಕಿ’ ಎಂದಿಲ್ಲ. ಲ್ಯಾಬಿನಲ್ಲಿ ಇರುವುದೆಲ್ಲ ಬಣ್ಣ ಬಳಿದು ಅರ್ಧ ಕೊಯ್ದ ಎಂಜಿನ್ನುಗಳು. ರೆಕಾರ್ಡ್ ಪುಸ್ತಕದಲ್ಲಿ ಸೀನಿಯರ್ ಬರೆದ ರೀಡಿಂಗ್ ನಾವೂ ಬರೆಯುತ್ತೇವೆ, ಗ್ರಾಫು ಸರಿಯಾಗಿ ಬರಬೇಕಲ್ಲ!

ಇದನ್ನು ಬದಲಾಯಿಸಲು ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಟೈರ್ ಅಂಗಡಿಯವರು ಎಸೆಯುವ ಐದು ಹಳೇ ಟೈರ್ ತಂದು ಮೇಜಿನ ಮೇಲಿಟ್ಟು, ಈ ಕಾರಿಗೆ ಏನಾಗಿತ್ತು, ಚಾಲಕನಿಗೆ ಯಾವ ಮೂರು ಪ್ರಶ್ನೆ ಕೇಳುತ್ತೀರಿ ಎಂದು ವೈವಾ ಮಾಡಲಿ. ಎಲೆಕ್ಟ್ರಿಕಲ್‌ನವರಿಗೆ ಸುಟ್ಟ ಮೋಟಾರು, ಸಿವಿಲ್‌ನವರಿಗೆ ಬಿರುಕು ಬಿಟ್ಟ ಗೋಡೆ. ಉತ್ತರ ತಪ್ಪಾದರೂ ಪರವಾಗಿಲ್ಲ, ಯಾವುದನ್ನು ಯಾಕೆ ಕೈಬಿಟ್ಟೆವು ಎಂದು ಹೇಳಿದ್ದಕ್ಕೂ ಅಂಕ ಸಿಗಲಿ. ಕೆಲಸ ಹುಡುಕುತ್ತಿರುವ ನಮ್ಮ ಸೀನಿಯರ್‌ಗಳು ಸಂದರ್ಶನದಿಂದ ಬಂದು ‘ಗೊತ್ತಿರೋದೇ ಕೇಳಿದ್ರು, ಹೇಳೋಕೆ ಆಗ್ಲಿಲ್ಲ’ ಎನ್ನುವುದನ್ನು ಎಷ್ಟು ಸಲ ಕೇಳಿದ್ದೇನೆ. ಅವರ ಕಷ್ಟ ಈಗ ಅರ್ಥವಾಗುತ್ತದೆ.

ಬಿಚ್ಚಿದ ಟೈರ್‌ಗಳಲ್ಲಿ ಒಂದನ್ನು ನಾನು ಹಾಸ್ಟೆಲಿಗೆ ತಂದಿದ್ದೇನೆ. ಮಂಚದ ಕೆಳಗಿದೆ. ರೂಮ್‌ಮೇಟ್ ರಬ್ಬರ್ ವಾಸನೆ ಎಂದು ದಿನಾ ಬೈಯುತ್ತಾನೆ, ಬಂದವರಿಗೆಲ್ಲ ಅಂಗೈ ಸವರಿಸಿ ತೋರಿಸುವವನೂ ಅವನೇ. ಅಪ್ಪನಿಗೆ ಬಟನ್ನಿನ ಆಳ ಅಳೆಯುವ ಸಣ್ಣ ಗೇಜ್ ಕೊಡಿಸಿದ್ದೇನೆ. 1.6 ಮಿಲಿಮೀಟರ್‌ಗಿಂತ ಕೆಳಗಿಳಿದ ಟೈರಿನಲ್ಲಿ ಓಡಿಸುವುದು ಕಾನೂನಿಗೇ ವಿರುದ್ಧ ಎಂದಾಗ, ‘ಹೌದಾ?’ ಎಂದು ಗೇಜನ್ನು ತಿರುಗಿಸಿ ಮುರುಗಿಸಿ ನೋಡಿದ್ದರು. ಈಗ ಪ್ರತಿ ಭಾನುವಾರ ಒಳಗೆ, ನಡುವೆ, ಹೊರಗೆ ಎಂದು ಮೂರು ಅಳತೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಮೂರೂ ಹೆಚ್ಚು ಕಮ್ಮಿ ಒಂದೇ ಇರುತ್ತಿದ್ದವು.

ಮೊನ್ನೆಯ ಅಳತೆಯಲ್ಲಿ ಬಲಗಡೆಯ ಹಿಂದಿನ ಟೈರಿನ ಎರಡೂ ಅಂಚು ನಡುವಿಗಿಂತ ಅರ್ಧ ಮಿಲಿಮೀಟರ್ ಕಡಿಮೆ ಇತ್ತು. ‘ಏನಿರಬಹುದು ಹೇಳು ನೋಡೋಣ’ ಎಂದು ಕೆಳಗೆ ಬರೆದಿದ್ದರು. ಉತ್ತರ ನಾಲಿಗೆ ತುದಿಯಲ್ಲೇ ಇತ್ತು, ಬರೆಯಲಿಲ್ಲ. ‘ಗಾಳಿ ಕೊನೇ ಸಲ ಯಾವಾಗ ನೋಡಿದ್ರಿ ಅಪ್ಪಾ, ಆಗ ಎಷ್ಟಿತ್ತು?’ ಎಂದು ಕೇಳಿದ್ದೇನೆ. ಗಿರಿಗೆ ಬಾಡಿಗೆ ಹೋಗಿದ್ದಾರೆ, ನೆಟ್‌ವರ್ಕ್ ಇಲ್ಲ, ಇನ್ನೂ ಒಂದೇ ಟಿಕ್ ತೋರಿಸುತ್ತಿದೆ.